ಉಸುಕು ಹಾಕಿದ ಬಾಗಿಲು

ಅವ್ವ ಬುಟ್ಟಿಯಲ್ಲಿದ್ದ ಉಸುಕನ್ನು ಬಾಗಿಲ ಮುಂದೆ ಹಾಸಿದ ಪರಸಿ ಕಲ್ಲಿನ ಮೇಲೆ ಸುರಿದು, ಕುಕ್ಕರಗಾಲಿನಲ್ಲಿ ಕೂತು ಅಂಗೈಯಿಂದ ಹರವತೊಡಗಿದಾಗ ಧರ್ಮಣ್ಣನಿಗೆ ಮೈಯೆಲ್ಲ ಉರಿದುಹೋಯಿತು. ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದವನು ಬಶಿಯನ್ನು ಕುಕ್ಕಿದ. ಹೋದ ವಾರವೇ ಅವಳು ಹೊಳೆಯಿಂದ ತಲೆಯ ಮೇಲೆ ಹೊತ್ತು ತಂದ ಉಸುಕು ಅದು. ಮಾಳಿಗೆಯ ಮೇಲೆ ಒಣಹಾಕಿ, ಮೋಡ ಬಂದಾಗಲೆಲ್ಲ ಗೋಣಿಚೀಲ ಮುಚ್ಚಿ, ಬಿಸಿಲು ಬಿದ್ದಾಗ ಮತ್ತೆ ತೆರೆದು, ಸಾಣಿಗೆ ಹಿಡಿದು ಹರಳು ಆರಿಸಿದ್ದಳು. ಜೋಳಕ್ಕೂ ಇಷ್ಟು ಉಪಚಾರ ಮಾಡಿದವಳಲ್ಲ. ಮಂಡಿನೋವು ಅಂತಾಳೆ, ಮಗ ಆಳಂದದಿಂದ ತಂದುಕೊಟ್ಟ ಎಣ್ಣೆಯ ಬಾಟಲಿ ಮಾತ್ರ ಬಿರಡೆ ಬಿಚ್ಚದೆ ಗೂಡಿನಲ್ಲಿ ಕೂತಿದೆ. ಪ್ರತಿ ಮೊಹರಂಗೂ ಇದೇ. ಉಸುಕು ಒಳಗೆ ಬರುತ್ತದೆ, ಹಾಸಿಗೆಯಲ್ಲಿ ಬರುತ್ತದೆ, ರೊಟ್ಟಿಯಲ್ಲಿ ಹಲ್ಲಿಗೆ ಸಿಕ್ಕುತ್ತದೆ. ಯಾರಿಗಾಗಿ ಇದು? ಯಾರ ಕಾಲು ನೋಯಬಾರದೆಂದು ಈ ಹಾಸಿಗೆ?

“ಯಾರು ಬರ್ತಾರಂತ ಹಾಕಾಕತ್ತಿ ಬೇ?” ಎಂದ.

“ದೇವರು ಬರ್ತಾನ.”

“ಆರು ವರ್ಷದಿಂದ ಬರ್ಲಿಲ್ಲ. ಇವತ್ತ ಬರ್ತಾನೇನು?”

“ಬರೋದು ಬಿಡೋದು ಅವನ ಕಡೀದು. ಹಾಕೋದು ನನ್ನ ಕಡೀದು,” ಎಂದು ಸಾಬಮ್ಮ ತಲೆಯೆತ್ತದೆ ಹೇಳಿದಳು. ಆ ತಣ್ಣನೆಯ ದನಿಗೇ ಅವನು ಎದ್ದು ನಿಂತ. ಅವಳು ಹರವಿದ ಉಸುಕಿಗೆ ಚಪ್ಪಲಿಯ ಕಾಲಿನಿಂದ ಜಾಡಿಸಿ ಒದ್ದ. ಒಂದು ಹಿಡಿ ಅವಳ ಸೆರಗಿನ ಮೇಲೆ ಬಿತ್ತು, ಉಳಿದದ್ದು ಚರಂಡಿಗೆ ಹೋಯಿತು. ಹೊಸ್ತಿಲಿಗೆ ಹತ್ತಿದ ಜಾಗದಲ್ಲಿ ಪರಸಿ ಕಲ್ಲು ಕರ್ರಗೆ, ನುಣ್ಣಗೆ ಬಯಲಾಯಿತು. ಅವ್ವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬುಟ್ಟಿಯನ್ನು ತಲೆಕೆಳಗು ಮಾಡಿ ಕೊಡವಿ, “ಒಣಗಿದ್ದು ಇಷ್ಟೇ ಇತ್ತು,” ಎಂದಷ್ಟೇ ಹೇಳಿ ಒಳಗೆ ಹೋದಳು. ಒಳಗೆ ಹಬ್ಬದ ಸಿಹಿ ಚೊಂಗೆ ಕರಿಯುವ ಎಣ್ಣೆಯ ವಾಸನೆ ಎದ್ದಿತ್ತು. ತಾಯಿಯ ಮುಂದಿನ ಉಸುಕು ಒದ್ದವನು ತಾನು, ಎಮ್ಮೆಸ್ಸಿ ಪಾಸಾದವನು, ಕಾಲೇಜಿನಲ್ಲಿ ಹುಡುಗರು ಎದ್ದು ನಿಂತು ನಮಸ್ಕಾರ ಹೇಳುವವನು ಎಂದು ನೆನಪಾಗಿ ಅವನಿಗೆ ನಾಚಿಕೆಯಾಯಿತು. ಆ ನಾಚಿಕೆಯೂ ಸಿಟ್ಟಿಗೇ ಹೋಗಿ ಸೇರಿಕೊಂಡಿತು.

ಈ ಊರಿನ ಕಾಸೀಮ ಪೀರನನ್ನು ಹಿಡಿಯುವುದು ಕುರುಬರ ಮನೆತನ. ಮುಜಾವರ ಚಾಂದಪಾಶಾ ಪೀರರನ್ನು ಕೂರಿಸುವ ಆಶುರಖಾನೆಯಲ್ಲಿ, ಅಂಗೈ ಆಕಾರದ ಪಂಜಾಕ್ಕೆ ಹಸಿರು ಬಟ್ಟೆ ಕಟ್ಟಿ, ಲಿಂಬೆ ಪೋಣಿಸಿ ಎತ್ತಿ ಕೊಡುತ್ತಾನೆ. ಧರ್ಮಣ್ಣನ ಸೋದರಮಾವ ಬೀರಲಿಂಗಪ್ಪ ಎದೆಗೆ ಆನಿಸಿ ಹಿಡಿಯುತ್ತಾನೆ. ಹಿಡಿದ ಗಳಿಗೆಯಿಂದ ಅವನ ಕಾಲು ಅವನದಲ್ಲ. ದೇವರು ಎಳೆದ ಕಡೆ ಹೋಗುತ್ತಾನೆ. ಒಂದು ಓಣಿಗೆ ನುಗ್ಗುತ್ತಾನೆ, ನಡುವೆ ತಿರುಗುತ್ತಾನೆ, ಯಾರದೋ ಬಾಗಿಲಲ್ಲಿ ನಿಲ್ಲುತ್ತಾನೆ. ನಿಂತ ಮನೆಯ ಹೆಣ್ಣುಮಗಳು ಕಾಲಿಗೆ ಒಂದು ಕೊಡ ನೀರು ಹಾಕಿ, ಮುಜಾವರನಿಂದ ಸಕ್ಕರೆ ಓದಿಸಿ, ಮನಸ್ಸಿನಲ್ಲಿರುವ ಒಂದು ಮಾತನ್ನು ಕೇಳಬಹುದು. ಉತ್ತರ ಬಾಯಿಂದ ಬರುವುದಿಲ್ಲ, ಕಾಲಿನಿಂದ ಬರುತ್ತದೆ. ಕಾಲು ಮುಂದೆ ಬಂದರೆ ಮಾಡು, ಹಿಂದೆ ಸರಿದರೆ ಬೇಡ. ಮಗಳ ಮದುವೆ, ಹೊಲದ ಬಾವಿ, ಮುಂಬೈಗೆ ದುಡಿಯಲು ಹೋಗುವುದು, ಎಲ್ಲವನ್ನೂ ಊರು ಹೀಗೇ ಕೇಳಿ ಮಾಡಿದೆ. ಎಂಬತ್ತೊಂದರ ಮೊಹರಂನಲ್ಲಿ, ಗಂಡನ ಮನೆಯಿಂದ ಬೆನ್ನ ಮೇಲೆ ಬಾಸುಂಡೆ ಹೊತ್ತು ಬಂದು ಕೂತಿದ್ದ ಧರ್ಮಣ್ಣನ ತಂಗಿ ರೇವಮ್ಮ ಕೇಳಿದಳು: ಕರಜಗಿಗೆ ತಿರುಗಿ ಹೋಗಲೇ, ಬೇಡವೇ? ಅವ್ವ ನೀರು ಹಾಕಿದಳು. ಬೀರಲಿಂಗಪ್ಪನ ಬಲಗಾಲು ಮುಂದೆ ಬಂತು. ಜನ ದೀನ್ ದೀನ್ ಎಂದು ಕೂಗಿದರು. ಮರುದಿನ ರೇವಮ್ಮ ತಗಡಿನ ಟ್ರಂಕು ಹಿಡಿದು ಅಫಜಲಪುರದ ಬಸ್ಸು ಹತ್ತಿದಳು. ಸಂಕ್ರಾಂತಿಗೆ ಮೊದಲೇ ಗಂಡನ ಕಬ್ಬಿನ ಹೊಲದ ಬಾವಿಯಿಂದ ಅವಳನ್ನು ಎತ್ತಿದರು. ನೀರು ಸೇದುವಾಗ ಕಾಲು ಜಾರಿ ಬಿದ್ದಳು ಎಂದು ಅವಳ ಅತ್ತೆ ಅಳದೇ ಹೇಳಿದ್ದಳು. ಅದೇ ಕೊನೆ, ಆಮೇಲೆ ಪೀರ ಈ ಓಣಿಗೆ ಬಂದಿಲ್ಲ.

ಆ ಸಂಬಂಧ ಕುದುರಿಸಿದವನು ಬೀರಲಿಂಗಪ್ಪನೇ. ಅಪ್ಪ ಹೋದ ಮೇಲೆ ಈ ಮನೆಗೆ ಹಿರಿಯನಾಗಿ ನಿಂತವನು ಅವನು. ಹೆಣ್ಣು ಹೊಳ್ಳಿ ಬಂದು ಕೂತರೆ ಅವನ ಮಾತಿಗೆ ಕುಂದು. ಆದ್ದರಿಂದ ತಾನೇ ಬೇಕೆಂದು ಹೆಜ್ಜೆ ಇಟ್ಟ, ದೇವರ ಹೆಸರು ಹೇಳಿದ. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಈಗ ಈ ಓಣಿಗೆ ಕಾಲಿಡಲು ಮುಖವಿಲ್ಲ. ಧರ್ಮಣ್ಣನಿಗೆ ಇದು ಎಂದೋ ಸ್ಪಷ್ಟವಾಗಿತ್ತು. ಈ ಸಲ ಆಳಂದದಿಂದ ರಜೆ ಹಾಕಿ ಬಂದದ್ದೇ ಅದಕ್ಕೆ. ಮಾವ ಇಂದು ಈ ಬಾಗಿಲಿಗೆ ಬರಬೇಕು. ದೇವರಾಗಿ ಅಲ್ಲ, ಬೀರಲಿಂಗಪ್ಪನಾಗಿ ಬಂದು, ಇಟ್ಟವನು ನಾನು ಎಂದು ಅವ್ವನ ಮುಂದೆ ಹೇಳಬೇಕು. ಅಷ್ಟಾದರೆ ಅವ್ವ ಉಸುಕು ಹೊರುವುದನ್ನು ಬಿಡುತ್ತಾಳೆ. ಮಗಳನ್ನು ಕೊಂದವನಿಗೆ ಹಾಸಿಗೆ ಹಾಸುವುದನ್ನಾದರೂ ನಿಲ್ಲಿಸುತ್ತಾಳೆ.

ಹಲಗಿಯ ಸದ್ದು ಆಶುರಖಾನೆಯ ಕಡೆಯಿಂದ ಎದ್ದಿತು. ಧರ್ಮಣ್ಣ ಓಣಿಯ ಬಾಯಿಗೆ ಬಂದು ಬೇವಿನ ಮರಕ್ಕೆ ಬೆನ್ನು ಕೊಟ್ಟು ನಿಂತ. ಹೆಸರಿನ ರಾಶಿಯ ಕಾಲ. ನಿನ್ನೆ ಬಿದ್ದ ಮಳೆಗೆ ಎರಿ ಮಣ್ಣು ಅಂಟು ಅಂಟಾಗಿ, ಚಪ್ಪಲಿಗೆ ಹತ್ತಿ ಭಾರವಾಗುತ್ತಿತ್ತು. ರೇವಮ್ಮ ಕೇಳಿದ ವರ್ಷ ಮೊಹರಂ ಚಳಿಯ ಬಾಯಿಗೆ ಬಂದಿತ್ತು. ವರ್ಷವರ್ಷ ಹಿಂದೆ ಸರಿಯುತ್ತ ಈಗ ಮಳೆಗಾಲಕ್ಕೆ ಬಂದಿದೆ. ಹಬ್ಬವೂ ಹಿಂದೆ ಹಿಂದೆ ನಡೆಯುತ್ತದೆ. ಗಾಳಿ ಇರಲಿಲ್ಲ. ಲೋಬಾನದ ವಾಸನೆ ಮೆಲ್ಲಗೆ, ಸೋಮಾರಿಯಾಗಿ ಬಂತು. ಇದಕ್ಕೊಂದು ಲೆಕ್ಕವಿದೆ ಎಂದು ಅವನು ಹುಡುಗರಿಗೆ ಹೇಳಿಕೊಡುತ್ತಾನೆ. ವಾಸನೆಯ ಕಣ ಗಾಳಿಯ ಕಣಗಳಿಗೆ ಡಿಕ್ಕಿ ಹೊಡೆದು ಅತ್ತ ಇತ್ತ ಹೊಯ್ದಾಡುತ್ತದೆ, ಹಿಂದಿನ ಹೆಜ್ಜೆ ಎತ್ತ ಇಟ್ಟೆ ಎಂಬುದು ಅದಕ್ಕೆ ಗೊತ್ತಿಲ್ಲ, ಕುಡುಕನ ಹಾಗೆ. ಆದ್ದರಿಂದಲೇ ಅದು ಎರಡರಷ್ಟು ದೂರ ಹೋಗಲು ನಾಲ್ಕರಷ್ಟು ಹೊತ್ತು ಹಿಡಿಯುತ್ತದೆ. ರೇವಮ್ಮ ಸತ್ತ ಸುದ್ದಿ ಆ ಲೆಕ್ಕದಲ್ಲಿ ಹರಡಲಿಲ್ಲ. ಜೇವರ್ಗಿಯ ಬಸ್‌ಸ್ಟ್ಯಾಂಡಿನಲ್ಲಿ ಗೊತ್ತಾಗಿ, ಕೊಳಕೂರಿನ ಸಂತೆಯಲ್ಲಿ ಗೊತ್ತಾಗಿ, ಎಲ್ಲರಿಗೂ ಗೊತ್ತಾದ ಮೇಲೆ ಅವ್ವನಿಗೆ ಗೊತ್ತಾಯಿತು. ಪಕ್ಕದ ಮನೆಯ ಸುಂದರಬಾಯಿ ತುಂಬಿದ ಕೊಡ ಹಿಡಿದು ಮರದಡಿ ಬಂದು ನಿಂತು, ಅವನನ್ನು ಮೇಲಿಂದ ಕೆಳಗೆ ನೋಡಿದಳು. “ಸಾಹೇಬರು ಬಂದೀರಿ. ಛಲೋ ಆತು. ನಿಮ್ಮ ಮನಿ ಸಲುವಾಗಿ ನಮ್ಮ ಓಣಿಗಿ ದೇವರಿಲ್ಲದಂಗ ಆಗ್ಯದ ನೋಡ್ರಿ. ನನ್ನ ಸೊಸಿಗಿ ಮಕ್ಕಳಾಗ್ಲಿಲ್ಲ, ಎಲ್ಲಿ ಕೇಳ್ಲಿ ನಾ?” ಎಂದಳು. ಅವನು ನಕ್ಕ. ಅದೇ ನಗು, ಹೋದ ವಾರ ಗುಲಬರ್ಗಾದಲ್ಲಿ ನಕ್ಕ ನಗು.

ಹೋದ ವಾರ ವಿಶ್ವವಿದ್ಯಾಲಯದ ಸಣ್ಣ ಕೋಣೆಯಲ್ಲಿ, ಸೀಮೆಸುಣ್ಣ ಹಿಡಿದು, ಅವನು ತನ್ನ ಸಂಶೋಧನೆಯನ್ನು ವಿವರಿಸುತ್ತಿದ್ದ. ಕುಡುಕನ ನಡಿಗೆ ಎಲ್ಲರಿಗೂ ಗೊತ್ತು. ನನ್ನ ಅಲೆಮಾರಿ ಬೇರೆ, ಅವನಿಗೆ ನೆನಪಿದೆ ಎಂದ. ಪ್ರತಿ ಹೆಜ್ಜೆಗೆ ಮೊದಲು ಅವನು ತನ್ನ ಹಿಂದಿನ ಹೆಜ್ಜೆಗಳಲ್ಲಿ ಯಾವುದೋ ಒಂದನ್ನು ನೆನೆಯುತ್ತಾನೆ, ಅದನ್ನೇ ಮತ್ತೆ ಇಡುತ್ತಾನೆ ಅಥವಾ ಅದರ ತದ್ವಿರುದ್ಧ ಇಡುತ್ತಾನೆ. ವಿರುದ್ಧ ಇಡುವವನಾದರೆ ಹೊರಟ ಜಾಗದ ಸುತ್ತಲೇ ಹೆಚ್ಚು ಸುಳಿಯುತ್ತಾನೆ. ಮತ್ತೆ ಮತ್ತೆ ಅದನ್ನೇ ಇಡುವ ಹಟ ಒಂದು ಮಿತಿ ದಾಟಿತೋ, ಅವನ ಹರಡುವಿಕೆ ಲೆಕ್ಕ ತಪ್ಪುತ್ತದೆ. ಕುಡುಕನಿಗಿಂತ ಬಹಳ ದೂರ ಹೋಗುತ್ತಾನೆ, ಮತ್ತು ಎಷ್ಟು ನಡೆದರೂ ಮೊಟ್ಟಮೊದಲ ಹೆಜ್ಜೆಯ ತೂಕ ಕರಗುವುದೇ ಇಲ್ಲ. ಇದನ್ನು ಹೇಳುವಾಗ ಅವನ ದನಿ ನಡುಗಿತ್ತು. ತಿಂಗಳುಗಟ್ಟಲೆ ಕೂತು ಕಂಡುಕೊಂಡದ್ದು ಅದು. ಗೈಡು ಬಿಸ್ಕತ್ತು ಮುರಿಯುತ್ತ, “ಧರ್ಮಣ್ಣಾ, ನೀರಿನಲ್ಲಿ ತೇಲುವ ಧೂಳಿಗೆ ನೆನಪು ಎಲ್ಲಿಂದ ಬಂತ್ರೀ? ಇದು ಭೌತಶಾಸ್ತ್ರ. ನಿಮ್ಮೂರ ಅತ್ತೆ ಸೊಸೆ ಜಗಳ ಅಲ್ಲ. ನೆನಪು ತೆಗೆದುಹಾಕಿ, ಸುಲಭವಾಗಿ ಮುಗಿಯುತ್ತದೆ,” ಎಂದರು. ಕೋಣೆಯೆಲ್ಲ ನಕ್ಕಿತು. ಅವನೂ ನಕ್ಕ. ನಗದೆ ಇರಬಹುದಾಗಿತ್ತು. ನೆನಪು ತೆಗೆದುಹಾಕಿ! ಎದುರಿಗೆ ಡಸ್ಟರು ಇತ್ತು, ಎತ್ತಿ ಒಗೆಯಬಹುದಾಗಿತ್ತು. ಅವನು ಅದೇ ಡಸ್ಟರಿನಿಂದ ಬೋರ್ಡು ಒರೆಸಿ, ಆಗಲಿ ಸರ್ ಎಂದು ಇಳಿದು ಬಂದಿದ್ದ.

ಪೀರನ ಸವಾರಿ ಊರ ಅಗಸಿಯ ಕಡೆಯಿಂದ ತಿರುಗಿತು. ಮುಂದೆ ಚಾಂದಪಾಶಾ ನವಿಲುಗರಿಯ ಕಟ್ಟು ಹಿಡಿದು ಹಿಂದೆ ಹಿಂದೆ ನಡೆಯುತ್ತಿದ್ದ. ನಡುವೆ ಬೀರಲಿಂಗಪ್ಪ, ಬರಿಮೈ, ಮುಚ್ಚಿದ ಕಣ್ಣು, ಎದೆಯ ಮೇಲೆ ಬಿಳಿಯ ಕೂದಲು ಬೆವರಿಗೆ ಅಂಟಿತ್ತು. ಗೌಡ ದೌಲತರಾಯನ ಬಾಗಿಲಲ್ಲಿ ನಿಂತ. ಅಲ್ಲಿ ನಿಲ್ಲದ ವರ್ಷವಿಲ್ಲ. ಹಾಗೇ ಹೊರಳಿ ಬಡಿಗೇರ ಓಣಿಗೆ ನುಗ್ಗಿದ, ಹೊರಬಂದ. ಧರ್ಮಣ್ಣ ಕಾಲುಗಳನ್ನೇ ನೋಡುತ್ತಿದ್ದ. ಹುಚ್ಚಾಪಟ್ಟೆ ನಡಿಗೆ ಎಂದು ಯಾರಾದರೂ ಅನ್ನಬೇಕು. ಆದರೆ ಅವನಿಗೆ ಕಾಣುತ್ತಿತ್ತು, ಎಲ್ಲ ತೂರಾಟದ ನಡುವೆಯೂ ಆ ಕಾಲು ಈ ಬೇವಿನ ಮರದ ಕಡೆಗೇ ಜಗ್ಗುತ್ತಿತ್ತು. ಬಂದಿತು. ಓಣಿಯ ಬಾಯಿಗೆ ಬಂದು ನಿಂತಿತು. ಸುಂದರಬಾಯಿ ಕೊಡ ಸರಿಮಾಡಿಕೊಂಡಳು. ಮಾವನ ತೊಡೆ ನಡುಗಿತು, ಕಾಲಿನ ಬೆರಳುಗಳು ಕೆಸರಿನಲ್ಲಿ ಮುದುಡಿದವು. ಮತ್ತೆ ಅವನು ಹಾವು ಕಂಡವನ ಹಾಗೆ ಹಿಂದೆ ಸರಿದು, ತಿರುಗಿ, ಬಂದ ದಾರಿಯಲ್ಲೇ ಓಡಿದ. ಜನ ದೀನ್ ಎನ್ನುತ್ತ ಹಿಂದೆ ಓಡಿದರು. ಸುಂದರಬಾಯಿ ಕೊಡದ ನೀರನ್ನು ಧರ್ಮಣ್ಣನ ಕಾಲ ಹತ್ತಿರವೇ ಚರಂಡಿಗೆ ಸುರಿದು, “ಪೀರನ ಮರ್ಜಿ,” ಎಂದು ಹೊರಟುಹೋದಳು. ಮರ್ಜಿಯಂತೆ! ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಮರ್ಜಿ. ಧೂಳಿಗೆ ನೆನಪು ಎಲ್ಲಿಂದ ಬಂತು ಎಂದು ಕೇಳಿದವರು ಬಂದು ನೋಡಬೇಕಿತ್ತು ಈ ಕಾಲನ್ನು.

ಮಧ್ಯಾಹ್ನ ದೇವರನ್ನು ಆಶುರಖಾನೆಯೊಳಗೆ ನಿಲ್ಲಿಸಿದರು. ಸಂಜೆ ಹೊಳೆಗೆ ಕಳಿಸುವ ತನಕ ಹಿಡಿದವನಿಗೆ ವಿಶ್ರಾಂತಿ. ಹಿಂದಿನ ಗೋಡೆಯ ನೆರಳಿನಲ್ಲಿ ಬೀರಲಿಂಗಪ್ಪ ಕಾಲು ಚಾಚಿ ಕೂತು ಶರಬತ್ತು ಕುಡಿಯುತ್ತಿದ್ದ. ಹತ್ತಿರದಿಂದ ನೋಡಿದರೆ ಮುದುಕನಾಗಿದ್ದ. ಹಿಮ್ಮಡಿ ಒಡೆದು ಎರಿ ಹೊಲದ ಹಾಗೆ ಬಿರುಕು ಬಿಟ್ಟಿತ್ತು. ಧರ್ಮಣ್ಣನಿಗೆ ಆ ಕಾಲನ್ನು ನೋಡಿ ಒಂದು ಗಳಿಗೆ ಏನೋ ಆಯಿತು. ಆ ಕನಿಕರವನ್ನು ಒಳಗೇ ತುಳಿದು ಮುಂದೆ ಹೋಗಿ ನಿಂತ.

“ಮಾವಾ, ನಮ್ಮ ಓಣಿಗಿ ಯಾಕ ಬರಂಗಿಲ್ಲ ನೀ?”

“ದೇವರು ಒಯ್ದಲ್ಲಿ ಹೋಗ್ತೇನಿ ಅಳಿಯಾ. ನಂದೇನದ?”

“ದೇವರ ಸುದ್ದಿ ಬಿಡು. ನಿನ್ನ ಕಾಲಿನ ಸುದ್ದಿ ಹೇಳು. ಮರದ ತನಕ ಬರ್ತದ, ಅಲ್ಲಿಂದ ಯಾಕ ಹೊಳ್ಳತದ? ಆವತ್ತ ಬೇಕಂತ ಮುಂದ ಇಟ್ಟಿ ನೀ. ನೀ ಮಾಡಿಸಿದ ಸಂಬಂಧ. ಹುಡುಗಿ ಹೊಳ್ಳಿ ಬಂದ್ರ ನಿನ್ನ ಮೀಸಿಗಿ ಕಡಿಮಿ ಅಂತ ಇಟ್ಟಿ. ಸತ್ಯ ಹೇಳು, ಇಲ್ಲಾಂದ್ರ ಸಂಜೀಕ ಮಂದಿ ಮುಂದ ಕೇಳ್ತೇನಿ.”

ಬೀರಲಿಂಗಪ್ಪ ಗ್ಲಾಸನ್ನು ನೆಲದ ಮೇಲಿಟ್ಟ. “ಕಾಲು ಜಾರಿತ್ತಲೇ,” ಎಂದ.

ಧರ್ಮಣ್ಣನಿಗೆ ನಗು ಬಂತು, ಕೆಟ್ಟ ನಗು. “ಕರಜಗಿಯವ್ರೂ ಇದನ್ನೇ ಅಂದ್ರು! ಆಕಿ ಕಾಲೂ ಜಾರಿತ್ತಂತ. ಎಲ್ಲಾರ ಕಾಲೂ ಜಾರ್ತಾವ, ಸಾಯೋದು ಮಾತ್ರ ಆಕಿ.”

“ಸಿಟ್ಟಿಗೇಳು, ಹೊಡಿ ಬೇಕಾದ್ರ. ಆದ್ರ ಕೇಳು. ಆವತ್ತ ನನಗ ಹಿಂದ ಸರೀಬೇಕಂತಿತ್ತು. ಆಕಿ ಬೆನ್ನ ನೋಡಿದ್ದೆ ನಾ, ನನ್ನ ಕೈಯಾಗ ಆಡಿದ ಕೂಸದು. ದೇವರೂ ಹಿಂದಕ್ಕೇ ಜಗ್ಗಾಕತ್ತಿದ್ದ, ನನ್ನಾಣಿ. ಪರಸಿ ಕಲ್ಲ ಕನ್ನಡಿ ಇದ್ದಂಗ ನುಣ್ಣಗಿತ್ತು, ಮ್ಯಾಲ ನೀರು. ಹಿಮ್ಮಡಿ ಊರಿದೆ, ಕಾಲು ಮುಂದ ಹೋತು. ಹೊಳ್ಳಿ ಹಿಂದ ಇಡಬೇಕಂದ್ರ ಮಂದಿ ದೀನ್ ಅಂದು ಬಿಟ್ಟಿದ್ರು, ಆ ಹುಡುಗಿ ನನ್ನ ಪಾದದ ಮ್ಯಾಲ ತಲಿ ಇಟ್ಟಿದ್ಲು. ಎರಡನೇ ಹೆಜ್ಜಿ ಯಾರು ನೋಡ್ತಾರ? ಮೊದಲಿಂದೇ ಹೆಜ್ಜಿ.”

“ಮರುದಿನ ಹೇಳಬೇಕಿಲ್ಲ? ಆಕಿ ಬಸ್ ಹತ್ತೋದ್ರಾಗ ಹೇಳಬೇಕಿಲ್ಲ?”

“ಪೀರನ ಹೆಜ್ಜಿ ಸುಳ್ಳು ಅಂತ ಅನ್ನಾಕ ಧೈರ್ಯ ಸಾಲ್ಲಿಲ್ಲ. ಆತಂತ ತಿಳಿ, ಅದು ನನ್ನ ತಪ್ಪ. ಆಮ್ಯಾಲ ಆಕಿ ಹೋದ ಮ್ಯಾಲ ಹೇಳೋಣಂದ್ರ...” ಮುದುಕ ದನಿ ಇಳಿಸಿದ. “ಆ ನೀರು ಹಾಕಿದಾಕಿ ಯಾರಲೇ? ನಿಮ್ಮವ್ವ. ಒಂದು ತಂಬಗಿ ಹಾಕಿದ್ರ ಸಾಕಿತ್ತು, ಮಗಳ ಮಾತಂತ ತುಂಬಿದ ಕೊಡ ಸುರದ್ಲು. ಜಾರಿತು ಅಂತ ನಾ ಅಂದ್ರ ಅಕ್ಕ ಏನಾಗ್ತಾಳ? ದೇವರ ಮ್ಯಾಲ ಬಂದ್ರ ಬರ್ಲಿ, ದೇವರು ತಡಕೊಂತಾನ. ಆಕಿ ತಡಕೊಳ್ಳಂಗಿಲ್ಲ. ಆ ಕಲ್ಲಿನ ಮ್ಯಾಲ ಮತ್ತ ನಿಂತ್ರ ನನ್ನ ಮಾರಿ ನೋಡೇ ಆಕಿಗಿ ತಿಳೀತದ. ಅದಕ್ಕ ಬರಂಗಿಲ್ಲ.”

ಧರ್ಮಣ್ಣನ ಸಿಟ್ಟು ಹಾಗೇ ಇತ್ತು, ಹೋಗಿ ಕೂರಲು ಅದಕ್ಕೆ ಜಾಗವಿರಲಿಲ್ಲ. ಆರು ವರ್ಷ ಸಾಕಿದ ಸಿಟ್ಟು. ಒಬ್ಬ ಕಳ್ಳ ಬೇಕಿತ್ತು ಅವನಿಗೆ, ಸಿಕ್ಕದ್ದು ಒದ್ದೆ ಕಲ್ಲು. “ಇದೂ ಸುಳ್ಳು,” ಎಂದ, ಸುಳ್ಳಲ್ಲವೆಂದು ತಿಳಿದೇ.

“ಆಗ್ಲಿ. ಒಂದು ಕೇಳ್ಲ್ಯಾ?” ಬೀರಲಿಂಗಪ್ಪ ಈಗ ತಲೆಯೆತ್ತಿದ. “ದೇವರಿಗಿ ಕೇಳೋಕ್ಕಿಂತ ಮೊದ್ಲ ಆಕಿ ನಿನಗ ಕೇಳಿದ್ಲಂತ. ಓದಿದಾಂವ ನೀನು. ನೀ ಏನಂದಿ?”

ಜೇವರ್ಗಿಯ ಬಸ್‌ಸ್ಟ್ಯಾಂಡು. ಮಿರ್ಚಿ ಭಜಿಯ ಎಣ್ಣೆ ಹೀರಿದ ಕಾಗದದ ಪೊಟ್ಟಣವನ್ನು ರೇವಮ್ಮ ಕಿಟಕಿಯಿಂದ ಒಳಗೆ ಕೊಟ್ಟಳು. ಅವನಿಗೆ ಎಂಟು ದಿನಕ್ಕೆ ಪರೀಕ್ಷೆ. ತೊಡೆಯ ಮೇಲೆ ಪುಸ್ತಕ ತೆರೆದೇ ಇತ್ತು. “ಅಣ್ಣಾ, ಹೋಗ್ಲ್ಯಾ ಬ್ಯಾಡ?” ಎಂದಳು. ಅವನು ಪುಟದ ಮೇಲೆ ಬೆರಳಿಟ್ಟು, ಎಲ್ಲಿದ್ದೆ ಎಂಬುದು ತಪ್ಪಬಾರದೆಂದು, “ನಿನಗ ತಿಳಿದಂಗ ಮಾಡು,” ಎಂದಿದ್ದ. ಅವಳು ಕಿಟಕಿಯ ಸರಳು ಹಿಡಿದು ಬಸ್ಸಿನ ಜೊತೆ ನಾಲ್ಕು ಮಾರು ನಡೆದಳು. ಪರೀಕ್ಷೆ ಮುಗಿದ ಮೇಲೆ ಒಂದು ದಿನ ಅವಳನ್ನು ನೋಡಿಬರಲು ಗುಲಬರ್ಗಾದಿಂದ ಅಫಜಲಪುರದ ಬಸ್ಸು ಹತ್ತಿದ್ದ. ಚೌಡಾಪುರದಲ್ಲಿ ಬಸ್ಸು ಚಹಾಕ್ಕೆ ನಿಂತಿತು. ಅಲ್ಲಿ ಇಳಿದವನಿಗೆ, ಹೋಗಿ ಏನು ಮಾಡುವುದು, ಭಾವ ಏನಾದರೂ ಅಂದರೆ ತಾನು ಏನು ಹೇಳುವುದು, ಕರೆದುಕೊಂಡು ಬಾ ಎಂದು ಅವಳು ಅತ್ತರೆ ಎಲ್ಲಿಗೆ ಕರೆದೊಯ್ಯುವುದು ಎಂದೆಲ್ಲ ಹೊಳೆದು, ಎದುರಿಗೆ ಬಂದ ಗುಲಬರ್ಗಾದ ಬಸ್ಸನ್ನೇ ಹತ್ತಿ ಹೊಳ್ಳಿ ಬಂದಿದ್ದ. ಅದನ್ನು ಯಾರಿಗೂ ಹೇಳಿಲ್ಲ. ಆಮೇಲೆ ಎಷ್ಟೋ ಸಲ ಗಾಣಗಾಪುರಕ್ಕೆ ಹೋಗೋಣ ಎಂದು ಹೆಂಡತಿ ಕೇಳಿದ್ದಾಳೆ. ಅವನು ಏನೋ ನೆವ ಹೇಳಿ ತಪ್ಪಿಸಿದ್ದಾನೆ. ಆ ದಾರಿಯಲ್ಲಿ ಚೌಡಾಪುರವಿದೆ. ಬೋರ್ಡಿನ ಮೇಲೆ ಬರೆದ ಆ ಅಲೆಮಾರಿ ಯಾರೆಂದು ಗೈಡು ಕೇಳಿದ್ದರೆ ಇವನು ಏನು ಹೇಳುತ್ತಿದ್ದ? ಮಾವನ ಕಾಲನ್ನು ಹಿಡಿದು ಆರು ವರ್ಷ ಲೆಕ್ಕ ಮಾಡಿದವನು ತನ್ನ ಕಾಲನ್ನು ನೋಡಿಕೊಂಡಿರಲಿಲ್ಲ.

“ಪರೀಕ್ಷಾ ಇತ್ತು,” ಎಂದ. ದನಿ ಸಣ್ಣ ಹುಡುಗನ ದನಿಯ ಹಾಗೆ ಬಂತು. ಅಷ್ಟರಲ್ಲಿ ಚಾಂದಪಾಶಾ ಹಿತ್ತಲ ಬಾಗಿಲಿಗೆ ಬಂದು, “ಬೀರಪ್ಪಾ, ಏಳಪ್ಪಾ, ಹೊತ್ತಾತು. ಹೊಳಿ ದೂರ ಅದ,” ಎಂದು ಕರೆದ. ಬೀರಲಿಂಗಪ್ಪ ಗೋಡೆ ಹಿಡಿದು ಎದ್ದ. ಹೋಗುತ್ತ, “ಅಕ್ಕಗ ಹೇಳಬ್ಯಾಡ. ಕೈ ಮುಗೀತೇನಿ,” ಎಂದ.

ಹಲಗಿ ಎದ್ದಿತು. ಧರ್ಮಣ್ಣ ಅಡ್ಡದಾರಿಯಲ್ಲಿ ಮನೆಯ ಕಡೆ ಓಡಿದ. ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಕೊಡವನ್ನು ಅಡಗಿಸಬೇಕು, ಅವ್ವನನ್ನು ಒಳಗೆ ಕೂಡಿ ಚಿಲಕ ಹಾಕಬೇಕು, ಮಾವ ಬರಲೇಬೇಕೆಂದು ಬೆಳಗಿನಿಂದ ಹಟ ಹಿಡಿದವನಿಗೆ ಈಗ ಮಾವ ಬರಬಾರದಾಗಿತ್ತು. ಎಲ್ಲರ ಮೇಲೂ ಸಿಟ್ಟು. ಸುಳ್ಳು ಹೊತ್ತ ಮಾವನ ಮೇಲೆ, ಕೊಡ ಸುರಿದ ಅವ್ವನ ಮೇಲೆ, ತನ್ನಂಥ ಅಣ್ಣನನ್ನು ಕೇಳಿದ ಆ ಹುಚ್ಚು ಹುಡುಗಿಯ ಮೇಲೂ. ಕೇಳಬಾರದಿತ್ತು ಅವಳು. ತಾನೇ ತಿಳಿದು ಕೂತುಬಿಡಬೇಕಿತ್ತು. ಮನೆಯ ಬಾಗಿಲು ಹಾರು ಹೊಡೆದಿತ್ತು. ತುಂಬಿದ ಕೊಡ ಹೊಸ್ತಿಲೊಳಗೆ ಹಾಗೇ ಇತ್ತು, ಪಕ್ಕದಲ್ಲಿ ಬಟ್ಟೆ ಮುಚ್ಚಿದ ಚೊಂಗೆಯ ತಾಟು. ಅವ್ವ ಇರಲಿಲ್ಲ. ಹೊರಗೆ ಬಂದು ನೋಡಿದರೆ ಅವಳು ಬರಿಗೈಯಲ್ಲಿ ಓಣಿಯ ಬಾಯಿಯ ಕಡೆ ನಡ ಹಿಡಿದುಕೊಂಡು ಹೋಗುತ್ತಿದ್ದಳು.

ಅವನು ಅವಳ ಹಿಂದೆಯೇ ಓಡಿ ತಲುಪುವಷ್ಟರಲ್ಲಿ ಸವಾರಿ ಬೇವಿನ ಮರದ ಹತ್ತಿರ ಬಂದಿತ್ತು. ಹೊಳೆಯ ದಾರಿ ಆಚೆ ಕಡೆ. ಮಾವ ಒಂದು ಹೆಜ್ಜೆ ಓಣಿಯ ಕಡೆ ತೂಗಿ, ಎಂದಿನಂತೆ ನಡುಗಿ, ಹಿಂದೆ ಸರಿಯಲು ಹಿಮ್ಮಡಿ ಎತ್ತಿದ. ಸಾಬಮ್ಮ ಜನರ ನಡುವೆ ನುಗ್ಗಿ ಅವನ ಎದುರು ನಿಂತಳು.

“ಬೀರ್ಯಾ,” ಎಂದಳು.

ಹಲಗಿ ನಿಂತುಹೋಯಿತು. ದೇವರು ಹಿಡಿದವನನ್ನು ಹೆಸರು ಹಿಡಿದು ಕರೆಯಬಾರದು. ಈ ಊರಿನಲ್ಲಿ ಹಾಗೆ ಯಾರೂ ಕರೆದವರಿಲ್ಲ. ಚಾಂದಪಾಶಾ, “ಅವ್ವಾ, ಅಬ್ಬಬ್ಬಾ, ಹಂಗನಬ್ಯಾಡ್ರಿ,” ಎಂದು ನವಿಲುಗರಿ ಎತ್ತಿದ. ಅವಳು ಅವನ ಕಡೆ ನೋಡಲೇ ಇಲ್ಲ. ಬೀರಲಿಂಗಪ್ಪ ಕಣ್ಣು ತೆರೆದ.

“ಬಾರೋ ತಮ್ಮಾ,” ಎಂದಳು ಅವ್ವ. “ಪರಸಿಗಿ ಉಸುಕ ಹಾಕೀನಿ. ವರ್ಷಾ ವರ್ಷಾ ಹಾಕ್ತೇನಿ, ನೀ ಬರಂಗೇ ಇಲ್ಲ. ನೀರೂ ಹಾಕಂಗಿಲ್ಲ ನಾ. ಈಗ ಜಾರಂಗಿಲ್ಲ, ಬಾ.”

ಮಾವನ ಕೆಳದುಟಿ ಅದುರಿದ್ದು ಧರ್ಮಣ್ಣನಿಗೆ ಕಂಡಿತು. ಅವಳಿಗೆ ಗೊತ್ತಿತ್ತು. ಆ ದಿನವೇ ಗೊತ್ತಿತ್ತು; ನೀರು ಹಾಕಿದವಳು, ಕಾಲಿನ ಎದುರಿಗೇ ಕೂತವಳು, ಜಾರಿದ್ದನ್ನು ನೋಡದೆ ಇನ್ನೇನು? ನೋಡಿಯೂ ಮಗಳ ಟ್ರಂಕಿಗೆ ಸೀರೆ ಮಡಿಸಿ ಇಟ್ಟಿದ್ದಳು, ದೇವರಿಗೆ ಹೆದರಿ. ಆಮೇಲೆ ಆರು ವರ್ಷ ಹೊಳೆಯಿಂದ ತಲೆಯ ಮೇಲೆ ಉಸುಕು ಹೊತ್ತಳು, ಯಾರಿಗೂ ಒಂದು ಮಾತೂ ಹೇಳದೆ. ಒಬ್ಬ ಅಲೆಮಾರಿ, ಅವನ ಹಿಂದಿನ ಹೆಜ್ಜೆಗಳು, ಅವನ ನೆನಪು, ಇಷ್ಟನ್ನೇ ಬೋರ್ಡಿನ ಮೇಲೆ ಬರೆದು ಎಲ್ಲವೂ ಇಲ್ಲಿದೆ ಎಂದುಕೊಂಡಿದ್ದ ಧರ್ಮಣ್ಣ. ಆ ಕಡೆಯ ಬಾಗಿಲಲ್ಲಿ ಒಬ್ಬಳು ಕೂತು ಕಲ್ಲಿಗೆ ಉಸುಕು ಹರವುತ್ತಿರುತ್ತಾಳೆ ಎಂಬುದಕ್ಕೆ ಅವನ ಲೆಕ್ಕದಲ್ಲಿ ಜಾಗವೇ ಇರಲಿಲ್ಲ.

ಬೀರಲಿಂಗಪ್ಪ ಓಣಿಯೊಳಗೆ ಹೆಜ್ಜೆ ಇಟ್ಟ. ತೂರಾಡಲಿಲ್ಲ. ಮುದುಕ ನಡೆಯುವ ಹಾಗೆ, ದಾರಿ ನೋಡಿಕೊಂಡು, ಅಕ್ಕನ ಹಿಂದೆ ನಡೆದ. ಯಾರೂ ಕೂಗಲಿಲ್ಲ. ಧರ್ಮಣ್ಣನಿಗೆ ಆಗ ಬೆಳಗಿನದು ನೆನಪಾಯಿತು. ಹೊಸ್ತಿಲಿಗೆ ಹತ್ತಿ, ತನ್ನ ಚಪ್ಪಲಿಯ ಅಗಲಕ್ಕೆ, ಕಲ್ಲು ಕರ್ರಗೆ ಬಯಲಾಗಿತ್ತು. ಒಣಗಿದ ಉಸುಕು ಮನೆಯಲ್ಲಿ ಇರಲಿಲ್ಲ. ಮಾವನ ಕಾಲಿಗೆ ಓಣಿಯ ಕೆಸರು ಮೆತ್ತಿತ್ತು.

ಅವನು ಜನರನ್ನು ನೂಕಿ ಮುಂದೆ ಓಡಿದ. ಚಪ್ಪಲಿ ಒಂದು ಕೆಸರಿನಲ್ಲೇ ಉಳಿಯಿತು. ಬಾಗಿಲಿಗೆ ಬಂದು ಕುಕ್ಕರಗಾಲಿನಲ್ಲಿ ಕೂತು, ಅಕ್ಕಪಕ್ಕದ ಉಸುಕನ್ನು ಎರಡೂ ಕೈಯಿಂದ ಬಾಚಿ ಬಾಚಿ ಬರಿಗಲ್ಲಿನ ಮೇಲೆ ಎಳೆದ. ಸಾಲಲಿಲ್ಲ. ಅಂಗೈ ಕಲ್ಲಿಗೆ ಉಜ್ಜಿ ಉರಿಯುತ್ತಿತ್ತು. ತಲೆಯ ಮೇಲೆ ಲೋಬಾನದ ಹೊಗೆ ಬಂತು, ಕಣ್ಣೆದುರಿಗೆ ಒಡಕು ಹಿಮ್ಮಡಿಯ ಕೆಸರುಗಾಲು ಬಂದು ನಿಂತಿತು.

“ತಡಿ ಮಾವಾ,” ಎಂದ ಸಿಟ್ಟಿನಿಂದ, ತಲೆಯೆತ್ತದೆ. “ಇನ್ನೊಂದು ಸ್ವಲ್ಪ ತಡಿ.”